ಮೇಕೋಂಬಿನ ಜನರ ಬಗ್ಗೆ ಓದುಗರು ಕೇಳಿದ್ದು

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಕುರಿತು ಈ ಅಂಕಣದಲ್ಲಿ ಬರೆದ ಟಿಪ್ಪಣಿಗೆ ಕೇರಳದಲ್ಲಿರುವ ನಮ್ಮ ಕಾಸರಗೋಡು ಸೀಮೆಯ ಮುಳ್ಳೇರಿಯ, ಮಂಜೇಶ್ವರ, ಬದಿಯಡ್ಕಗಳಿಂದ ಮಾತ್ರವಲ್ಲದೆ ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಜತ್ತದಂತಹ ಗಡಿಯೂರುಗಳಿಂದಲೂ ಪತ್ರಗಳು ಬಂದಿವೆ. ಬಹುಪಾಲು ಪ್ರಶ್ನೆಗಳು ಪಾತ್ರಗಳನ್ನು ಕುರಿತವಾದ್ದರಿಂದ ಈ ಸಲದ ಪುಟವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಕಾದಂಬರಿಯನ್ನು ಓದದವರ ಅನುಕೂಲಕ್ಕಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ.

1960ರಲ್ಲಿ ಪ್ರಕಟವಾಗಿ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ಕೃತಿಯ ಕಥೆ ಅಮೆರಿಕದ ಅಲಬಾಮಾ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ 1933ರಿಂದ 1935ರವರೆಗೆ ನಡೆಯುತ್ತದೆ. ತಾಯಿಯಿಲ್ಲದ ಸ್ಕೌಟ್ ಎಂಬ ಹುಡುಗಿ ಮತ್ತು ಅವಳ ಅಣ್ಣ ಜೆಮ್, ವಕೀಲನಾದ ತಂದೆ ಆಟಿಕಸ್ ಫಿಂಚ್ ಹಾಗೂ ಮನೆ ನೋಡಿಕೊಳ್ಳುವ ಕಪ್ಪು ಹೆಂಗಸು ಕ್ಯಾಲ್ಪರ್ನಿಯಾಳ ಆರೈಕೆಯಲ್ಲಿ ಬೆಳೆಯುತ್ತಾರೆ. ಟಾಮ್ ರಾಬಿನ್ಸನ್ ಎಂಬ ಕಪ್ಪು ಯುವಕ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ಮಯೆಲ್ಲಾ ಯೂಯಲ್ ಎಂಬ ಬಿಳಿಯ ಹುಡುಗಿ ದೂರುತ್ತಾಳೆ. ಅವನು ನಿರ್ದೋಷಿಯೆಂದು ಆಟಿಕಸ್ ಎಲ್ಲರ ಕಣ್ಣಿಗೂ ಕಾಣುವಂತೆ ತೋರಿಸಿಕೊಟ್ಟರೂ ಬಿಳಿಯರೇ ತುಂಬಿದ ಜೂರಿ ಅವನನ್ನು ಅಪರಾಧಿಯೆಂದು ಸಾರುತ್ತದೆ; ಮುಂದೆ ಸೆರೆಮನೆಯಿಂದ ಓಡಲು ಹೋಗಿ ಅವನು ಗುಂಡಿಗೆ ಬಲಿಯಾಗುತ್ತಾನೆ. ಕೊನೆಯಲ್ಲಿ ಮಯೆಲ್ಲಾಳ ತಂದೆ ಬಾಬ್ ಯೂಯಲ್ ಸೇಡಿಗಾಗಿ ಫಿಂಚ್ ಮಕ್ಕಳ ಮೇಲೆ ಬಿದ್ದಾಗ, ವರ್ಷಗಟ್ಟಲೆ ಮನೆಯಿಂದ ಹೊರಗೆ ಬಾರದಿದ್ದ ನೆರೆಮನೆಯ ಬೂ ರ‍್ಯಾಡ್ಲಿ ಬಂದು ಅವರನ್ನು ಉಳಿಸುತ್ತಾನೆ.

ಮುಳ್ಳೇರಿಯದಿಂದ ಬಿ.ಎ. ವಿದ್ಯಾರ್ಥಿನಿ: ಮಾಷ್ಟ್ರೇ, ನಮಸ್ಕಾರ. ಆಟಿಕಸ್ ಫಿಂಚ್ ಆದರ್ಶ ವಕೀಲನೆಂದು ಎಲ್ಲ ಗೈಡುಗಳೂ ಹೇಳುತ್ತವೆ. ಆದರೆ 2015ರಲ್ಲಿ ಹೊರಬಂದ ಅದೇ ಲೇಖಕಿಯ ಇನ್ನೊಂದು ಕಾದಂಬರಿಯಲ್ಲಿ ಅವನು ವರ್ಣಭೇದವನ್ನು ಬೆಂಬಲಿಸುವವರ ಸಭೆಯಲ್ಲಿ ಕೂರುತ್ತಾನಂತೆ. ಹಾಗಾದರೆ ಯಾವ ಆಟಿಕಸ್‌ನನ್ನು ನಾವು ನಂಬಬೇಕು?

ಆ ಎರಡನೆಯ ಪುಸ್ತಕ, ‘ಗೋ ಸೆಟ್ ಎ ವಾಚ್‌ಮನ್’, ಅಚ್ಚಾದದ್ದು ಮಾತ್ರ ತಡವಾಗಿ. ಬರೆದದ್ದು 1950ರ ದಶಕದಲ್ಲಿ, ಮೊದಲ ಪುಸ್ತಕ ಈಗಿನ ರೂಪ ತಾಳುವುದಕ್ಕಿಂತ ಮುಂಚೆ. ಆ ಹಸ್ತಪ್ರತಿಯನ್ನು ಓದಿದ ಪ್ರಕಾಶನ ಸಂಸ್ಥೆಯ ಸಂಪಾದಕಿ ಬಾಲ್ಯದ ಭಾಗವನ್ನೇ ಹಿಡಿದು ಮತ್ತೆ ಬರೆಯಿರೆಂದು ಸಲಹೆ ಕೊಟ್ಟದ್ದರ ಫಲವೇ ನಾವು ಬಲ್ಲ ಕಾದಂಬರಿ. ಆದ್ದರಿಂದ ಅದನ್ನು ಆಟಿಕಸ್‌ನ ಮುದಿತನದ ಕಥೆಯೆಂದು ಓದಿ ನೊಂದುಕೊಳ್ಳಬೇಕಾದ ಕಾರಣವಿಲ್ಲ. ಆದರೆ ಅವನ ಮಿತಿಗಳನ್ನು ಕಾಣಲು ಎರಡನೆಯ ಪುಸ್ತಕದ ಅಗತ್ಯವೂ ಇಲ್ಲ, ಮೊದಲನೆಯದರಲ್ಲೇ ಅವು ಬೇಕಾದಷ್ಟಿವೆ.

ಈ ಮೊಕದ್ದಮೆಯನ್ನು ಆಟಿಕಸ್ ಹುಡುಕಿಕೊಂಡು ಹೋದವನಲ್ಲ. ನ್ಯಾಯಾಧೀಶ ಟೇಲರ್ ಅವನಿಗೆ ಒಪ್ಪಿಸಿದ್ದು. ಸಾಮಾನ್ಯವಾಗಿ ಇಂತಹ ಕೇಸುಗಳು ಹೊಸದಾಗಿ ವಕೀಲಿಗೆ ಬಂದ ಒಬ್ಬ ಯುವಕನ ಪಾಲಿಗೆ ಹೋಗುತ್ತಿದ್ದವು. ಒಪ್ಪಿಸಿದ ಮೇಲೆ ಅವನು ಕಾಟಾಚಾರಕ್ಕೆ ನಿಲ್ಲದೆ ಮನಸ್ಸಿಟ್ಟು ವಾದಿಸಿದನೆಂಬುದೇ ಅವನ ದೊಡ್ಡತನ, ಮತ್ತು ಅದು ಸಣ್ಣದೇನಲ್ಲ. ಜೈಲಿನ ಮುಂದೆ ಅವನು ಒಬ್ಬನೇ ಕಾವಲು ಕೂರುವ ರಾತ್ರಿಯನ್ನು ಗಮನಿಸಿ: ಕಚೇರಿಯಿಂದ ಒಂದು ಕುರ್ಚಿ ತಂದಿದ್ದಾನೆ, ಉದ್ದನೆಯ ವಯರಿನ ತುದಿಗೆ ಒಂದು ಬಲ್ಬು ಸಿಕ್ಕಿಸಿ ಬಾಗಿಲ ಮೇಲೆ ಇಳಿಬಿಟ್ಟಿದ್ದಾನೆ, ಅದರ ಕೆಳಗೆ ಪತ್ರಿಕೆ ಓದುತ್ತಾ ಕುಳಿತಿದ್ದಾನೆ. ಕೈಯಲ್ಲಿ ಕೋವಿಯಿಲ್ಲ. ಟಾಮ್‌ನನ್ನು ಎಳೆದುಕೊಂಡು ಹೋಗಿ ಕೊಲ್ಲಲು ಬಂದ ಗುಂಪಿನಲ್ಲಿ ವಾಲ್ಟರ್ ಕನ್ನಿಂಗ್‌ಹ್ಯಾಮ್ ಎಂಬ ರೈತನನ್ನು ಸ್ಕೌಟ್ ಗುರುತಿಸಿ, ನಿಮ್ಮ ಮಗ ನನ್ನ ತರಗತಿಯವನು, ಅವನನ್ನು ಕೇಳಿದೆನೆಂದು ಹೇಳಿ ಎಂದು ಮಾತಿಗೆಳೆದಾಗ ಆ ಮನುಷ್ಯ ನಾಚಿ ಹಿಂದಿರುಗುತ್ತಾನೆ. ದೃಶ್ಯ ಚೆನ್ನಾಗಿದೆ. ಆದರೆ ಮರುದಿನ ಆಟಿಕಸ್ ಮಕ್ಕಳಿಗೆ, ಕನ್ನಿಂಗ್‌ಹ್ಯಾಮ್ ಮೂಲತಃ ಒಳ್ಳೆಯ ಮನುಷ್ಯ, ನಮ್ಮೆಲ್ಲರ ಹಾಗೆ ಅವನಿಗೂ ಕೆಲವು ಕಡೆ ಕಣ್ಣು ಕಾಣುವುದಿಲ್ಲ ಎಂಬರ್ಥದ ಮಾತನ್ನು ಹೇಳಿಬಿಡುತ್ತಾನೆ. ಹಿಂದಿನ ರಾತ್ರಿ ಕೊಲೆಗೆ ಬಂದವನನ್ನು ಇಷ್ಟು ಬೇಗ ಕ್ಷಮಿಸುವ ಅಧಿಕಾರ ಆಟಿಕಸ್‌ನದೋ, ಒಳಗೆ ಕಂಬಿಯ ಹಿಂದೆ ಎಚ್ಚರವಾಗಿಯೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಟಾಮ್‌ನದೋ? ಕಾದಂಬರಿ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ.

ಅವನ ಕೊನೆಯ ವಾದದ ಬಗ್ಗೆ ಒಂದು ಮಾತು. ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥವನ್ನು, ಅಂದರೆ ವಾಲಿಯಾಗಿ ಅವರು ಆಡಿದ ಮಾತನ್ನು, ಕೇಳಿದವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ತಾಳಮದ್ದಳೆಯಲ್ಲಿ ವಾಲಿ ರಾಮನನ್ನು ಮಾತಿನಲ್ಲಿ ಎಷ್ಟೇ ಕಟ್ಟಿಹಾಕಲಿ, ಸಭೆ ಎಷ್ಟೇ ತಲೆದೂಗಲಿ, ಪ್ರಸಂಗದ ಪದ ಮೊದಲೇ ಬರೆದಾಗಿರುವುದರಿಂದ ವಾಲಿ ಸಾಯಲೇಬೇಕು. ಮೇಕೋಂಬಿನ ಕೋರ್ಟಿನಲ್ಲಿ ಆಟಿಕಸ್‌ನ ಸ್ಥಿತಿ ಅದು. ಸೋಲು ಮೊದಲೇ ನಿಶ್ಚಯವಾಗಿದೆ ಎಂದು ಅವನಿಗೂ ಗೊತ್ತಿದೆ, ಮಗಳಿಗೂ ಹೇಳಿದ್ದಾನೆ; ಆದರೂ ಅರ್ಥ ಹೇಳಿಯೇ ತೀರುತ್ತಾನೆ. ನಾನು ಅವನನ್ನು ಮೆಚ್ಚುವುದು ಆ ಕಾರಣಕ್ಕೆ. ಕನ್ನಿಂಗ್‌ಹ್ಯಾಮ್‌ನ ಕುರಿತ ಅವನ ಉದಾರತೆಯನ್ನು ಮಾತ್ರ ಮೆಚ್ಚಲಾರೆ.

ಮಂಜೇಶ್ವರದಿಂದ ಗೃಹಿಣಿಯೊಬ್ಬರು: ಕ್ಯಾಲ್ಪರ್ನಿಯಾ ಫಿಂಚ್ ಮನೆಯಲ್ಲಿ ಶುದ್ಧವಾದ ಇಂಗ್ಲಿಷ್ ಆಡುತ್ತಾಳೆ, ತನ್ನ ಜನರ ಚರ್ಚಿಗೆ ಹೋದಾಗ ಅವರ ಹಾಗೆಯೇ ಮಾತನಾಡುತ್ತಾಳೆ. ಇದನ್ನು ನನ್ನ ಮಗಳು ನಟನೆ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತು ಆಫೀಸಿನಲ್ಲಿ ಮಲಯಾಳ. ಹಾಗಾದರೆ ನಾವೂ ನಟಿಸುತ್ತಿದ್ದೇವೆಯೇ?

ನಿಮ್ಮ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಇಡೀ ಕಾದಂಬರಿಯಲ್ಲಿ ಅತಿ ಹೆಚ್ಚು ತಿಳಿದವಳು, ಅತಿ ಕಡಿಮೆ ಹೇಳುವವಳು ಕ್ಯಾಲ್ಪರ್ನಿಯಾ. ಸಾಹಿತ್ಯದ ಗೈಡುಗಳಲ್ಲಿ ಅವಳಿಗೆ ಸಿಗುವುದು ‘ನಿಷ್ಠಾವಂತ ಕೆಲಸದಾಕೆ’ ಎಂಬ ಒಂದು ಸಾಲು ಮಾತ್ರ.

ಆಟಿಕಸ್ ಊರಿನಲ್ಲಿಲ್ಲದ ಒಂದು ಭಾನುವಾರ ಅವಳು ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುತ್ತಾಳೆ. ಬಿಡುಗಡೆ ಹೊಂದಿದ ಗುಲಾಮರು ತಮ್ಮ ಮೊದಲ ಸಂಪಾದನೆಯಲ್ಲಿ ಕೊಂಡ ಕಟ್ಟಡ ಅದು. ಹೋಗುವ ಮುನ್ನ ಮಕ್ಕಳನ್ನು ಚರ್ಮ ಕೆಂಪಾಗುವಷ್ಟು ಉಜ್ಜಿ ಮೀಯಿಸಿ, ಬಟ್ಟೆಗೆ ಗಟ್ಟಿಯಾಗಿ ಗಂಜಿ ಹಾಕಿ ಸಿದ್ಧಪಡಿಸುತ್ತಾಳೆ. ತಾನು ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲವೆಂದು ತನ್ನ ಜನ ಆಡಿಕೊಳ್ಳಬಾರದೆಂಬ ಹಟ ಅವಳದು. ಬಾಗಿಲಲ್ಲಿ ಲೂಲಾ ಎಂಬವಳು, ಬಿಳಿಯರ ಮಕ್ಕಳನ್ನು ನಮ್ಮ ಚರ್ಚಿಗೆ ಯಾಕೆ ತಂದೆ ಎಂದು ತಡೆಯುತ್ತಾಳೆ. ಉಳಿದವರು ಲೂಲಾಳನ್ನು ಸರಿಸಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ, ಕಾದಂಬರಿಯೂ ಅವಳನ್ನು ಜಗಳಗಂಟಿಯೆಂದು ಬಗೆದು ಮುಂದೆ ಸಾಗುತ್ತದೆ. ಲೂಲಾ ಕೇಳಿದ್ದು ತಪ್ಪೆಂದು ನನಗನಿಸುವುದಿಲ್ಲ. ಊರಿನ ಎಲ್ಲ ಜಾಗವೂ ಬಿಳಿಯರದ್ದಾಗಿರುವಲ್ಲಿ ತಮ್ಮದೆಂದು ಉಳಿದ ಒಂದು ಮನೆಯ ಹೊಸ್ತಿಲನ್ನು ಅವಳು ಕಾಯುತ್ತಿದ್ದಾಳೆ.

ಒಳಗೆ ಹಾಡಿನ ಪುಸ್ತಕಗಳಿಲ್ಲ. ಕ್ಯಾಲ್ಪರ್ನಿಯಾಳ ಮಗ ಜೀಬೋ ಒಂದೊಂದೇ ಸಾಲನ್ನು ಓದಿ ಹೇಳುತ್ತಾನೆ, ಸಭೆ ಅದನ್ನು ಹಾಡಾಗಿ ಹಿಂದಕ್ಕೆ ಕೊಡುತ್ತದೆ. ಅಲ್ಲಿ ಓದು ಬಲ್ಲವರು ನಾಲ್ಕೇ ಜನ. ಜೀಬೋನಿಗೆ ಅಕ್ಷರ ಕಲಿಸಿದವಳು ತಾಯಿ, ಕಲಿಸಿದ್ದು ಫಿಂಚ್ ಮಕ್ಕಳ ಅಜ್ಜ ಕೊಟ್ಟ ಬ್ಲ್ಯಾಕ್‌ಸ್ಟೋನ್‌ನ ಕಾನೂನು ಗ್ರಂಥದಿಂದ. ಊರಿನ ಕಸ ಸಾಗಿಸುವವನು ಕಾನೂನಿನ ಮಹಾಗ್ರಂಥದಲ್ಲಿ ಅಕ್ಷರ ಕಲಿತವನೆಂಬ ಈ ಸಂಗತಿಯನ್ನು ಲೇಖಕಿ ನಗುವಿನ ನಡುವೆ ತೇಲಿಸಿಬಿಡುತ್ತಾರೆ. ನಿಧಾನಿಸಿ ಓದಿದರೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಿಂದಿರುಗುವಾಗ ಸ್ಕೌಟ್ ನಿಮ್ಮ ಮಗಳು ಕೇಳಿದ್ದನ್ನೇ ಕೇಳುತ್ತಾಳೆ. ಕ್ಯಾಲ್ಪರ್ನಿಯಾ ಕೊಡುವ ಉತ್ತರದ ತಾತ್ಪರ್ಯ ಇಷ್ಟು: ನನ್ನ ಜನರ ನಡುವೆ ಬಿಳಿಯರ ಮಾತು ಆಡಿದರೆ ನಾನು ದೊಡ್ಡಸ್ತಿಕೆ ತೋರಿಸುತ್ತೇನೆ ಎಂದುಕೊಳ್ಳುತ್ತಾರೆ, ತಮಗಿಂತ ಹೆಚ್ಚು ತಿಳಿದವರು ಪಕ್ಕದಲ್ಲಿರುವುದು ಯಾರಿಗೂ ಹಿಡಿಸುವುದಿಲ್ಲ, ಕಲಿಯುವ ಮನಸ್ಸು ಅವರಿಗೇ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವೇ ಅವರ ಮಾತನ್ನೇ ಆಡಬೇಕು. ಇದು ನಟನೆಯಾದರೆ ಕಾಸರಗೋಡಿನಲ್ಲಿ ಸಂತೆಗೆ ಹೋಗುವ ಪ್ರತಿಯೊಬ್ಬರೂ ನಟರೇ. ಆದರೂ ಒಂದು ವ್ಯತ್ಯಾಸವನ್ನು ಮಗಳಿಗೆ ಹೇಳಿ. ನಾವು ತುಳುವಿನಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ ದಾಟುವಾಗ ಹೆಚ್ಚೆಂದರೆ ಒಂದು ಅರ್ಜಿ ತಡವಾಗುತ್ತದೆ, ಒಂದು ನಮೂನೆಯನ್ನು ಯಾರಲ್ಲಾದರೂ ಓದಿಸಬೇಕಾಗುತ್ತದೆ. ಅದೂ ಕಿರಿಕಿರಿಯೇ, 1956ರಲ್ಲಿ ಗಡಿರೇಖೆ ಎಳೆದಂದಿನಿಂದ ಇಲ್ಲಿನ ಕನ್ನಡಿಗರು ಅದರ ಬಗ್ಗೆ ಬರೆಯುತ್ತಲೇ ಬಂದಿದ್ದಾರೆ. ಕ್ಯಾಲ್ಪರ್ನಿಯಾ ದಾಟುವ ಗೆರೆ ಇದಕ್ಕಿಂತ ಅಪಾಯದ್ದು. ಅತ್ತ ಬಿಳಿಯರ ಮನೆಯಲ್ಲಿ ಅವಳ ಸಂಬಳ, ಇತ್ತ ತನ್ನವರ ನಡುವೆ ಅವಳ ಮರ್ಯಾದೆ. ಎರಡೂ ಕಡೆಯವರು ಅವಳ ನಾಲಗೆಯನ್ನು ಕಾಯುತ್ತಿರುತ್ತಾರೆ.

ಈ ಮಾತುಕತೆಯ ಕೊನೆಗೆ ಸ್ಕೌಟ್, ನಿನ್ನ ಮನೆಗೆ ಒಂದು ದಿನ ಬರಬಹುದೇ ಎಂದು ಕೇಳುತ್ತಾಳೆ. ಸಂತೋಷದಿಂದ ಬಾ ಎನ್ನುತ್ತಾಳೆ ಕ್ಯಾಲ್ಪರ್ನಿಯಾ. ಆಮೇಲೆ ಸೋದರತ್ತೆ ಅಲೆಕ್ಸಾಂಡ್ರಾ ಈ ವಿಚಾರ ತಿಳಿದು ಖಡಾಖಂಡಿತವಾಗಿ ಬೇಡವೆನ್ನುತ್ತಾಳೆ, ಸ್ಕೌಟ್ ಹೋಗುವುದೇ ಇಲ್ಲ. ತನ್ನನ್ನು ಮೀಯಿಸಿ, ಉಣ್ಣಿಸಿ, ಅಕ್ಷರ ತಿದ್ದಿಸಿದವಳ ಮನೆಯ ಒಳಗು ಹೇಗಿದೆಯೆಂದು ಕಥೆ ಹೇಳುವ ಹುಡುಗಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ, ಓದುವ ನಮಗೂ ಗೊತ್ತಾಗುವುದಿಲ್ಲ. ಈ ಕಾದಂಬರಿಯ ಬಗ್ಗೆ ನನಗಿರುವ ತಕರಾರೆಲ್ಲ ಆ ಒಂದು ಮುಚ್ಚಿದ ಬಾಗಿಲಿನಲ್ಲಿದೆ.

ಕುಂಬಳೆಯಿಂದ ಓದುಗರೊಬ್ಬರು: ಬೇಸಿಗೆಯಲ್ಲಿ ಬಂದು ಹೋಗುವ ಡಿಲ್ ಎಂಬ ಹುಡುಗ ನಿಜವಾದ ವ್ಯಕ್ತಿಯಂತೆ, ಹೌದೇ?

ಹೌದು. ಅಲಬಾಮಾದ ಮನ್ರೋವಿಲ್‌ನಲ್ಲಿ ಹಾರ್ಪರ್ ಲೀಯವರ ಬಾಲ್ಯದ ನೆರೆಯವನಾಗಿದ್ದು ಮುಂದೆ ಪ್ರಸಿದ್ಧ ಲೇಖಕನಾದ ಟ್ರೂಮನ್ ಕಪೋಟಿಯೇ ಡಿಲ್‌ಗೆ ಮೂಲ.

ಸಾಂಗ್ಲಿ ಜಿಲ್ಲೆಯ ಜತ್ತದಿಂದ ಅಂಗನವಾಡಿ ಕಾರ್ಯಕರ್ತೆ: ಮಯೆಲ್ಲಾಳ ಮೇಲೆ ಸಿಟ್ಟು ಮಾಡಬೇಕೋ ಮರುಕ ಪಡಬೇಕೋ ತಿಳಿಯುತ್ತಿಲ್ಲ ಸರ್. ಅವಳ ಸುಳ್ಳಿನಿಂದ ಒಬ್ಬನ ಜೀವ ಹೋಯಿತು. ಆದರೆ ಅವಳಿಗೆ ಆ ಮನೆಯಲ್ಲಿ ಬೇರೆ ದಾರಿಯಾದರೂ ಏನಿತ್ತು?

ಎರಡನ್ನೂ ಒಟ್ಟಿಗೆ ಮಾಡಬೇಕಾದ ಪಾತ್ರವೇ ಅದು. ಊರಿನ ಕಸ ಸುರಿಯುವ ಜಾಗದ ಹಿಂದೆ ಯೂಯಲ್ ಕುಟುಂಬದ ಗುಡಿಸಲು. ಅದರ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಚೆಕ್ಕೆಯೆದ್ದ ಆರು ಎನಾಮಲ್ ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂಗಳು ಅರಳಿವೆ. ಅವು ಮಯೆಲ್ಲಾಳವು ಎಂದು ಜನ ಆಡಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷದ, ತಾಯಿಯಿಲ್ಲದ, ಕುಡುಕ ತಂದೆಯಿಂದ ಹೊಡೆತ ತಿನ್ನುವ, ತಮ್ಮ ತಂಗಿಯರ ಹಿಂಡನ್ನು ಸಾಕುವ ಈ ಹುಡುಗಿಗೆ ನಿನ್ನ ಸ್ನೇಹಿತರು ಯಾರು ಎಂದು ಆಟಿಕಸ್ ಕೇಳಿದರೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವನು ಮರ್ಯಾದೆಯಿಂದ ಮಾತನಾಡಿಸಿದರೆ, ತನ್ನನ್ನು ಗೇಲಿ ಮಾಡುತ್ತಿದ್ದಾನೆಂದು ನ್ಯಾಯಾಧೀಶರಲ್ಲಿ ದೂರುತ್ತಾಳೆ; ಮರ್ಯಾದೆಯನ್ನು ಅವಳು ಅದುವರೆಗೆ ಕಂಡೇ ಇಲ್ಲ. ಒಂದು ವರ್ಷ ಕಾಸಿಗೆ ಕಾಸು ಕೂಡಿಸಿ ಏಳು ಮಕ್ಕಳನ್ನೂ ಐಸ್‌ಕ್ರೀಮ್ ತಿನ್ನಲು ಪೇಟೆಗೆ ಕಳಿಸಿ, ಆ ದಿನ ಟಾಮ್‌ನನ್ನು ಒಳಗೆ ಕರೆದವಳು ಅವಳು.

ಇಷ್ಟಾದರೂ ಕೋರ್ಟಿನಲ್ಲಿ ಆ ಮೂಲೆಗೊತ್ತಿದ ಹುಡುಗಿಯ ಮಾತು ನಡೆಯಿತು, ಅವಳಿಗಿಂತ ಶ್ರಮಜೀವಿಯೂ ಸಂಭಾವಿತನೂ ಆದ ಟಾಮ್‌ನ ಮಾತು ನಡೆಯಲಿಲ್ಲ. ಟಾಮ್ ಕೈಯಾರೆ ತಂದುಕೊಂಡ ಆಪತ್ತು ಯಾವುದೆಂದು ಕೇಳಿದರೆ, ಅವಳ ಮೇಲೆ ನನಗೆ ಕನಿಕರ ಹುಟ್ಟಿತು ಎಂದು ಅವನು ನುಡಿದ ಒಂದು ವಾಕ್ಯ. ಕೆಳಗಿನವನಿಗೆ ಮೇಲಿನವರ ಬಗ್ಗೆ ಕನಿಕರ ಹುಟ್ಟಬಾರದು. ಕನಿಕರ ಯಾವಾಗಲೂ ಮೇಲಿಂದ ಕೆಳಕ್ಕೆ ಹರಿಯಬೇಕಾದದ್ದು. ಸರ್ಕಾರಿ ವಕೀಲ ಆ ಮಾತನ್ನೇ ಹಿಡಿದು ಮತ್ತೊಮ್ಮೆ ಕೇಳುತ್ತಾನೆ, ಜೂರಿಯ ಕಿವಿಗೆ ಬೀಳಬೇಕಾದದ್ದು ಬಿದ್ದಿರುತ್ತದೆ. ಗಡಿಯ ಯಾವ ಕಡೆಯ ಹಳ್ಳಿಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪಳದಿಂದ ನಿವೃತ್ತ ಅಂಚೆ ನೌಕರರು: ಶ್ರೀಮತಿ ಡುಬೋಸ್‌ಳ ಅಧ್ಯಾಯ ಕಥೆಗೆ ಅನಗತ್ಯವೆಂದು ನನ್ನ ಭಾವನೆ. ತಮ್ಮ ಅಭಿಪ್ರಾಯವೇನು?

ಅನಗತ್ಯವಲ್ಲ, ಆದರೆ ಆಟಿಕಸ್ ಅಲ್ಲಿ ಕೊಡುವ ತೀರ್ಪನ್ನು ನಾನು ಒಪ್ಪುವುದಿಲ್ಲ. ಕಪ್ಪು ಜನರ ಪರವಾಗಿ ವಾದಿಸುವವನೆಂದು ಅವನನ್ನೂ ಮಕ್ಕಳನ್ನೂ ಬೀದಿಯಲ್ಲಿ ಹೀನವಾಗಿ ಬೈಯುವ ಮುದುಕಿ ಅವಳು. ಸಿಟ್ಟಿಗೆದ್ದ ಜೆಮ್ ಅವಳ ಕ್ಯಾಮೀಲಿಯಾ ಗಿಡಗಳ ತಲೆ ತರಿಯುತ್ತಾನೆ, ಶಿಕ್ಷೆಯಾಗಿ ದಿನವೂ ಹೋಗಿ ಪುಸ್ತಕ ಓದಿ ಹೇಳುತ್ತಾನೆ. ಅವಳು ಆ ಓದಿನ ಆಸರೆಯಲ್ಲಿ ಮಾರ್ಫಿನ್ ಚಟ ಬಿಡುತ್ತಿದ್ದಳೆಂದು ಸತ್ತ ಮೇಲೆ ತಿಳಿಯುತ್ತದೆ. ತಾನು ಕಂಡವರಲ್ಲೆಲ್ಲ ಇವಳೇ ಧೈರ್ಯವಂತೆ ಎನ್ನುತ್ತಾನೆ ಆಟಿಕಸ್. ಟಾಮ್‌ನ ಹೆಂಡತಿ ಹೆಲೆನ್, ಗಂಡ ಸತ್ತ ಮೇಲೆ ಮಕ್ಕಳನ್ನು ಸಾಕಲು ಕೆಲಸಕ್ಕೆ ಹೋಗುವಾಗ ಯೂಯಲ್‌ಗಳ ಕಾಟಕ್ಕೆ ಹೆದರಿ ಸುಮಾರು ಒಂದು ಮೈಲಿ ಸುತ್ತಿ ನಡೆಯುತ್ತಾಳೆ, ಆದರೂ ಕೆಲಸ ಬಿಡುವುದಿಲ್ಲ. ಅವಳನ್ನು ಧೈರ್ಯವಂತೆ ಎಂದು ಕರೆಯಲು ಇಡೀ ಕಾದಂಬರಿಯಲ್ಲಿ ಒಬ್ಬರಿಗೂ ತೋಚುವುದಿಲ್ಲ.

ತಾಳವಾಡಿಯಿಂದ ಯುವಕರೊಬ್ಬರು: ಸರ್, ಟಾಮ್ ರಾಬಿನ್ಸನ್‌ನನ್ನು ಶೀರ್ಷಿಕೆಯ ಮಾಕಿಂಗ್‌ಬರ್ಡ್‌ಗೆ, ಅಂದರೆ ಹಾಡುವುದಲ್ಲದೆ ಯಾರಿಗೂ ಕೇಡು ಮಾಡದ್ದರಿಂದ ಕೊಲ್ಲಬಾರದೆನ್ನುವ ಹಾಡುಹಕ್ಕಿಗೆ ಹೋಲಿಸುವುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದು ಅವಮಾನವೆನಿಸುತ್ತದೆ. ಅವನು ಹಾಡಲಿಲ್ಲವೆಂದರೆ, ಕೇಡು ಮಾಡುವ ಶಕ್ತಿ ಅವನಿಗಿದ್ದಿದ್ದರೆ, ಕೊಂದದ್ದು ಸರಿಯಾಗುತ್ತಿತ್ತೇ?

ನಿಮ್ಮ ಪ್ರಶ್ನೆಯ ತಿರುಳಿಗೆ ನನ್ನ ಸಹಮತವಿದೆ. ಟಾಮ್‌ನ ಬಗ್ಗೆ ಕಾದಂಬರಿ ನಮಗೆ ತಿಳಿಸುವುದನ್ನು ಒಟ್ಟು ಮಾಡಿ ನೋಡೋಣ. ವಯಸ್ಸು ಇಪ್ಪತ್ತೈದು, ಮದುವೆಯಾಗಿದೆ, ಮೂವರು ಮಕ್ಕಳು, ಹನ್ನೆರಡನೆಯ ವಯಸ್ಸಿನಲ್ಲಿ ಹತ್ತಿ ಬಿಡಿಸುವ ಯಂತ್ರಕ್ಕೆ ಎಡಗೈ ಸಿಕ್ಕಿ ಸ್ನಾಯುಗಳೆಲ್ಲ ಹರಿದು ಆ ಕೈ ನಿಷ್ಪ್ರಯೋಜಕವಾಗಿದೆ. ಮಯೆಲ್ಲಾಳ ಮುಖದ ಬಲಭಾಗಕ್ಕೆ ಪೆಟ್ಟಾಗಿರುವುದರಿಂದ ಹೊಡೆದವನು ಎಡಚನಿರಬೇಕು, ಬಾಬ್ ಯೂಯಲ್ ಎಡಗೈಯಲ್ಲಿ ಬರೆಯುತ್ತಾನೆ. ಆಟಿಕಸ್‌ನ ವಾದದ ಮೊಳೆ ಇದೇ. ಬೈಬಲ್ ಮುಟ್ಟಿ ಪ್ರಮಾಣ ಮಾಡುವಾಗ ಆ ಕೈಯನ್ನು ಬಲಗೈಯಿಂದ ಎತ್ತಿ ಇಡುತ್ತಾನೆ, ಅದು ಜಾರಿ ಬೀಳುತ್ತದೆ, ನ್ಯಾಯಾಧೀಶರು ಸಾಕು ಎನ್ನುತ್ತಾರೆ. ಒಮ್ಮೆ ಇನ್ನೊಬ್ಬನೊಡನೆ ಜಗಳವಾಗಿ ಮೂವತ್ತು ದಿನ ಜೈಲಿನಲ್ಲಿದ್ದ; ಇಬ್ಬರಿಗೂ ಶಿಕ್ಷೆಯಾಗಿತ್ತು, ದಂಡ ಕಟ್ಟುವ ಶಕ್ತಿ ಇದ್ದದ್ದು ಆ ಇನ್ನೊಬ್ಬನಿಗೆ ಮಾತ್ರ. ಶಿಕ್ಷೆಯ ನಂತರ ಸೆರೆಮನೆಯ ಬೇಲಿ ಹತ್ತಿ ಓಡಲು ಹೋದಾಗ ಕಾವಲುಗಾರರು ಗುಂಡು ಹಾರಿಸುತ್ತಾರೆ. ಹದಿನೇಳು ಗುಂಡಿನ ಗಾಯಗಳು. ಅಷ್ಟು ಬೇಕಾಗಿರಲಿಲ್ಲ ಎನ್ನುತ್ತಾನೆ ಆಟಿಕಸ್.

ಓಡಿದ ಆ ಕ್ಷಣದಲ್ಲಿ ಟಾಮ್ ಮೊದಲ ಬಾರಿಗೆ ಸ್ವಂತ ನಿರ್ಧಾರವೊಂದನ್ನು ತೆಗೆದುಕೊಳ್ಳುತ್ತಾನೆ. ಬಿಳಿಯರು ಕೊಡುವ ಮೇಲ್ಮನವಿಯ ಭರವಸೆಯಲ್ಲಿ ಅವನಿಗೆ ನಂಬಿಕೆ ಉಳಿದಿಲ್ಲ. ಅಂತಹ ಕ್ಷಣವನ್ನು ಕಾದಂಬರಿ ಅವನ ಬಾಯಿಂದ ನಮಗೆ ಕೇಳಿಸುವುದಿಲ್ಲ. ಅಡುಗೆಮನೆಯಲ್ಲಿ ನಿಂತು ಆಟಿಕಸ್ ಹೇಳುವ ನಾಲ್ಕಾರು ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಹೆಲೆನ್ ಸುದ್ದಿ ಕೇಳಿ ಕುಸಿದುಬಿದ್ದದ್ದನ್ನೂ ನಾವು ನೇರವಾಗಿ ಕಾಣುವುದಿಲ್ಲ, ಡಿಲ್ ನೋಡಿ ಬಂದು ಸ್ಕೌಟ್‌ಗೆ ಹೇಳಿದ್ದನ್ನು ಕೇಳುತ್ತೇವೆ.

ಕಾಲದ ಲೆಕ್ಕವನ್ನೂ ಗಮನಿಸಿ. 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ, ರೈಲಿನಲ್ಲಿ ಇಬ್ಬರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಆರೋಪ ಹೊರಿಸಿ ಎಂಟು ಮಂದಿಗೆ ಮರಣದಂಡನೆ ವಿಧಿಸಲಾಗಿತ್ತು. ಆ ಹೆಂಗಸರಲ್ಲಿ ಒಬ್ಬಳು 1933ರಲ್ಲಿ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ ಮೇಲೂ ಜೂರಿ ಮತ್ತೆ ಅಪರಾಧಿಯೆಂದೇ ಹೇಳಿತು. ಜೂರಿಯಿಂದ ಕಪ್ಪು ಜನರನ್ನು ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸುಪ್ರೀಂ ಕೋರ್ಟು ಇದೇ ಪ್ರಕರಣದಲ್ಲಿ ತೀರ್ಪಿತ್ತದ್ದು 1935ರಲ್ಲಿ, ಅಂದರೆ ಟಾಮ್‌ನ ವಿಚಾರಣೆ ನಡೆಯುವ ವರ್ಷದಲ್ಲೇ. ಇನ್ನು ಕಾದಂಬರಿಯನ್ನು ಬರೆಯುತ್ತಿದ್ದ ಕಾಲಕ್ಕೆ ಬಂದರೆ, 1955ರ ಡಿಸೆಂಬರಿನಿಂದ ಒಂದು ವರ್ಷಕ್ಕೂ ಮಿಕ್ಕಿ ಅದೇ ರಾಜ್ಯದ ಮಾಂಟ್ಗೊಮರಿಯಲ್ಲಿ ಕಪ್ಪು ಜನ ನಗರದ ಬಸ್ಸು ಹತ್ತದೆ ಕೆಲಸಕ್ಕೆ ನಡೆದೇ ಹೋಗಿ ಪ್ರತ್ಯೇಕ ಸೀಟಿನ ಪದ್ಧತಿಯನ್ನು ಕೊನೆಗಾಣಿಸಿದ್ದರು. ಲೇಖಕಿಯ ಕಣ್ಣೆದುರಿನ ಕಪ್ಪು ಅಲಬಾಮಾ ಹೀಗೆ ಬೀದಿಗಿಳಿದಿದ್ದಾಗ, ಪುಸ್ತಕದೊಳಗಿನ ಕಪ್ಪು ಅಲಬಾಮಾ ಕೋರ್ಟಿನ ಮಹಡಿಯ ಮೇಲೆ ಮೌನವಾಗಿ ಕುಳಿತಿದ್ದು, ಸೋತ ಬಿಳಿಯ ವಕೀಲ ಹೊರಗೆ ನಡೆಯುವಾಗ ಗೌರವದಿಂದ ಎದ್ದು ನಿಲ್ಲುತ್ತದೆ. ಆ ದೃಶ್ಯ ಓದಿ ಕಣ್ಣು ತೇವವಾಗದವರು ಕಡಿಮೆ. ನನ್ನ ಕಣ್ಣೂ ತೇವವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಟಾಮ್ ಎಲ್ಲಿದ್ದಾನೆಂದು ನೋಡಲು ಮರೆತುಬಿಡುತ್ತೇವೆ ಎಂಬುದೂ ನಿಜ.

ನಮ್ಮಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಹುಟ್ಟಿದ್ದು ಟಾಮ್‌ನ ಕಥೆ ನಡೆಯುವ ಅದೇ ದಶಕದಲ್ಲಿ, ನಮ್ಮದೇ ಕರಾವಳಿಯಲ್ಲಿ. ಕಾರಂತರೂ ಚೋಮನ ದಲಿತ ಕೇರಿಯ ಹೊರಗಿನವರೇ. ಆದರೂ ಕಥೆ ಚೋಮನ ಗುಡಿಸಲೊಳಗೆ ನಡೆಯುತ್ತದೆ, ತುಂಡು ಭೂಮಿಯನ್ನು ಬೇಸಾಯ ಮಾಡಬೇಕೆಂಬ ಆಸೆ ಚೋಮನದು, ದುಡಿಯೂ ಅವನದೇ. ಟಾಮ್‌ಗೆ ಏನು ಆಸೆಯಿತ್ತು? ನಮಗೆ ಗೊತ್ತಿಲ್ಲ.

ಉಪ್ಪಳದಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿ: ಸರ್, ಬೂ ರ‍್ಯಾಡ್ಲಿ ಒಳ್ಳೆಯವನಾಗಿದ್ದರೆ ಯಾಕೆ ಹೊರಗೆ ಬರಲಿಲ್ಲ? ಕೊನೆಗೆ ಪೊಲೀಸ್ ಅಧಿಕಾರಿಯೇ ಸುಳ್ಳು ಹೇಳಿದ್ದು ಸರಿಯೇ?

ಮಗೂ, ಮೊದಲ ಪ್ರಶ್ನೆಗೆ ಉತ್ತರವನ್ನು ಜೆಮ್ ಹೇಳಿದ್ದಾನೆ: ಜನ ಒಬ್ಬರನ್ನೊಬ್ಬರು ನಡೆಸಿಕೊಳ್ಳುವ ಬಗೆಯನ್ನು ನೋಡಿದರೆ, ಅವನು ಒಳಗೇ ಇರಲು ಬಯಸುತ್ತಾನೆಂದು ತೋರುತ್ತದೆ. ಹರೆಯದಲ್ಲಿ ಮಾಡಿದ ತುಂಟಾಟಕ್ಕೆ ತಂದೆ ಅವನನ್ನು ಮನೆಯೊಳಗೆ ಕೂಡಿಹಾಕಿದ, ಊರು ಅವನ ಮೇಲೆ ಭೂತದ ಕಥೆ ಕಟ್ಟಿತು. ಅವನು ಮರದ ಪೊಟರೆಯಲ್ಲಿ ಮಕ್ಕಳಿಗಾಗಿ ಚೂಯಿಂಗ್ ಗಮ್ಮು, ಹಳೆಯ ನಾಣ್ಯ, ಸೋಪಿನಲ್ಲಿ ಕೆತ್ತಿದ ಎರಡು ಗೊಂಬೆ, ಕೆಟ್ಟುಹೋದ ವಾಚು ಇಡುತ್ತಿದ್ದ. ಅವನ ಅಣ್ಣ ಆ ಪೊಟರೆಗೆ ಸಿಮೆಂಟು ತುಂಬಿಸಿದ ದಿನ ಜೆಮ್ ಕತ್ತಲಾಗುವವರೆಗೆ ಹೊರಗೆ ನಿಂತು ಅತ್ತ. ಕಾದಂಬರಿಯಲ್ಲಿ ನನಗೆ ಅತ್ಯಂತ ಹಿಡಿಸಿದ ಪುಟ ಅದು.

ಎರಡನೆಯ ಪ್ರಶ್ನೆ ಕಷ್ಟದ್ದು. ಬಾಬ್ ಯೂಯಲ್ ತನ್ನ ಚೂರಿಯ ಮೇಲೆ ತಾನೇ ಬಿದ್ದು ಸತ್ತನೆಂದು ಬರೆದುಕೊಂಡು ಷೆರಿಫ್ ಹೆಕ್ ಟೇಟ್ ಪ್ರಕರಣ ಮುಗಿಸುತ್ತಾನೆ. ನಾಚಿಕೆಯ ಮನುಷ್ಯನೊಬ್ಬನನ್ನು ಊರಿನ ಎದುರು ಎಳೆದು ತರುವುದು ಪಾಪವೆಂದು ಅವನ ವಾದ. ಮಕ್ಕಳನ್ನು ಉಳಿಸಿದವನಿಗೆ ತೊಂದರೆಯಾಗಬಾರದೆಂದು ನಿನಗೂ ಅನಿಸಿರಬಹುದು, ನನಗೂ ಅನಿಸುತ್ತದೆ. ಆದರೆ ನೀನು ದೊಡ್ಡವನಾದ ಮೇಲೆ ಈ ಪುಸ್ತಕವನ್ನು ಮತ್ತೊಮ್ಮೆ ಓದು. ಬಿಳಿಯನಾದ ಬೂಗಾಗಿ ಅಷ್ಟು ಸುಲಭವಾಗಿ ಬಗ್ಗಿದ ಕಾನೂನು ನಿರಪರಾಧಿ ಟಾಮ್‌ನಿಗಾಗಿ ಒಂದಿಂಚೂ ಯಾಕೆ ಬಗ್ಗಲಿಲ್ಲವೆಂದು ಆಗ ಕೇಳಿಕೊಳ್ಳಬೇಕು.

ಬದಿಯಡ್ಕದಿಂದ ಕನ್ನಡ ಮಾಧ್ಯಮ ಹೈಸ್ಕೂಲಿನ ಅಧ್ಯಾಪಿಕೆ: ಈ ಕಥೆಯನ್ನು ತರಗತಿಯಲ್ಲಿ ಹೇಳಬೇಕೆಂದಿದ್ದೇನೆ. ಮಕ್ಕಳು ‘ಅದು ಅಮೆರಿಕದ ವಿಷಯ’ ಎಂದು ಕೈತೊಳೆದುಕೊಳ್ಳಬಾರದು. ಯಾವ ಪಾತ್ರದಿಂದ ಆರಂಭಿಸಲಿ ಟೀಚರ್ ಆಗಿ?

ನಿಮ್ಮ ವೃತ್ತಿಯವಳಿಂದಲೇ ಆರಂಭಿಸಿ: ಸ್ಕೌಟ್‌ನ ಮೂರನೆಯ ತರಗತಿಯ ಅಧ್ಯಾಪಿಕೆ ಮಿಸ್ ಗೇಟ್ಸ್. ಹಿಟ್ಲರ್ ಯಹೂದಿಗಳಿಗೆ ಕೊಡುತ್ತಿದ್ದ ಹಿಂಸೆಯ ಸುದ್ದಿ ತರಗತಿಯಲ್ಲಿ ಬಂದಾಗ ಅವಳು ಮರುಗುತ್ತಾಳೆ, ಕಪ್ಪುಹಲಗೆಯ ಮೇಲೆ ಪ್ರಜಾಪ್ರಭುತ್ವವೆಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾಳೆ, ನಮ್ಮ ದೇಶದಲ್ಲಿ ನಾವು ಯಾರನ್ನೂ ಹಿಂಸಿಸುವುದಿಲ್ಲ ಎನ್ನುತ್ತಾಳೆ. ಟಾಮ್‌ನ ತೀರ್ಪಿನ ರಾತ್ರಿ ಕೋರ್ಟಿನ ಮೆಟ್ಟಿಲು ಇಳಿಯುತ್ತಾ, ಇವರಿಗೆ ಯಾರಾದರೂ ಪಾಠ ಕಲಿಸಲೇಬೇಕಿತ್ತು, ಇಲ್ಲದಿದ್ದರೆ ನಮ್ಮನ್ನು ಮದುವೆಯಾಗಲೂ ಹೊರಡುತ್ತಾರೆ ಎಂಬ ಮಾತನ್ನು ಆಡಿದವಳೂ ಅವಳೇ. ಹಿಟ್ಲರನನ್ನು ಅಷ್ಟು ದ್ವೇಷಿಸುವವರು ಸ್ವಂತ ಊರಿನವರ ಬಗ್ಗೆ ಹೀಗಿರುವುದು ಹೇಗೆಂದು ಸ್ಕೌಟ್ ಅಣ್ಣನನ್ನು ಕೇಳುತ್ತಾಳೆ. ಜೆಮ್‌ಗೆ ಆ ಕೋರ್ಟಿನ ಸುದ್ದಿಯೇ ಬೇಡ. ರೇಗಿ ಅವಳನ್ನು ಓಡಿಸುತ್ತಾನೆ. ದೂರದ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಅಮೆರಿಕದ ಕಥೆ ಹೇಳಿ ಕಾಸರಗೋಡಿನ ಮಕ್ಕಳನ್ನು ಮನೆಗೆ ಕಳಿಸಿದರೆ ನಾವೂ ಮಿಸ್ ಗೇಟ್ಸ್ ಆಗಿಬಿಡುತ್ತೇವೆ.

ಆದ್ದರಿಂದ ಅದೇ ತಾಸಿನಲ್ಲಿ ಅಜಲಿನ ವಿಷಯ ಎತ್ತಿ. ಮೇಲುಜಾತಿಯವರ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗ ಬುಡಕಟ್ಟಿನವರಿಗೆ ತಿನ್ನಿಸಿ ತಮ್ಮ ಕೇಡನ್ನು ಅವರ ಮೇಲೆ ದಾಟಿಸುವ ಪದ್ಧತಿ ನಮ್ಮ ತುಳುನಾಡಿನದ್ದು. ಗಡಿಯಾಚೆ ಕರ್ನಾಟಕ ಅದನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ನಿಮ್ಮ ತರಗತಿಯ ಮಕ್ಕಳ ತಂದೆತಾಯಿಗಳು ಬಾಲ್ಯದಲ್ಲಿ ಅದನ್ನು ಕಂಡಿರಲು ಸಾಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕೊರಗರ ವಸತಿಗಳು ಇಂದಿಗೂ ಇವೆ, ಆ ಮಕ್ಕಳು ನಿಮ್ಮ ಶಾಲೆಯಲ್ಲೇ ಇರಬಹುದು. ಇದ್ದರೆ ಅವರನ್ನು ಉದಾಹರಣೆಯಾಗಿ ನಿಲ್ಲಿಸಬೇಡಿ. ಪ್ರಶ್ನೆಯನ್ನು ಉಳಿದ ಮಕ್ಕಳಿಗೆ ಹಾಕಿ. ನಿಮ್ಮ ತೋಟಕ್ಕೆ ಅಡಿಕೆ ಸುಲಿಯಲು ಬರುವವರ ಮನೆಯೊಳಗೆ ನೀವು ಯಾವತ್ತಾದರೂ ಕುಳಿತಿದ್ದೀರಾ, ಅಲ್ಲಿ ನೀರು ಕುಡಿದಿದ್ದೀರಾ ಎಂದು ಕೇಳಿ.

ಬಾಲ್ಯದ ಮುಗ್ಧತೆಯ ಕಥೆಯೆಂದು ಈ ಕಾದಂಬರಿಯನ್ನು ಹೊಗಳುವ ಮುನ್ನ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಆರಂಭದ ಪುಟಗಳನ್ನೂ ಮಕ್ಕಳಿಗೆ ಓದಿ ಹೇಳಿ. ಅಲ್ಲಿ ಒಬ್ಬ ಹುಡುಗ ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟಿರುವುದನ್ನು ವಿನೋದದಿಂದ ನೋಡುತ್ತಾನೆ. ಅವರಲ್ಲಿ ಒಬ್ಬ ತನ್ನ ತಂದೆಯೆಂದು ತಿಳಿದಾಗ ಆ ವಿನೋದ ಏನಾಯಿತೆಂದು ಹೇಳಬೇಕಾಗಿಲ್ಲ. ಸ್ಕೌಟ್‌ಗೆ ಲೋಕದ ಕ್ರೌರ್ಯ ತಿಳಿಯುವುದು ಎಂಟನೆಯ ವಯಸ್ಸಿನಲ್ಲಿ, ತಂದೆಯ ತೊಡೆಯ ಮೇಲೆ ಕುಳಿತು, ಸಾವಧಾನವಾಗಿ, ಪಾಠದ ರೂಪದಲ್ಲಿ. ಟಾಮ್‌ನ ಮಕ್ಕಳಿಗೆ ಅದು ತಿಳಿಯುವುದು ತಾಯಿ ಅಂಗಳದಲ್ಲಿ ಕುಸಿದಾಗ. ಅದೇ ಊರು, ಅದೇ ವಯಸ್ಸಿನ ಮಕ್ಕಳು. ನಾವು ಮುಗ್ಧತೆ ಎನ್ನುವುದು ಯಾವ ಮನೆಯ ಮಕ್ಕಳಿಗೆ ಎಷ್ಟು ವರ್ಷ ದಕ್ಕುತ್ತದೆ ಎಂಬುದನ್ನು ಹತ್ತನೆಯ ತರಗತಿಯ ಮಕ್ಕಳು ಖಂಡಿತ ಚರ್ಚಿಸಬಲ್ಲರು.

ಅದೇ ಅಧ್ಯಾಪಿಕೆಯ ಇನ್ನೊಂದು ಪ್ರಶ್ನೆ: ಸಮಯವಿಲ್ಲದಿದ್ದರೆ ಸಿನಿಮಾ ತೋರಿಸಿದರೆ ಸಾಕೇ?

1962ರ ಆ ಚಲನಚಿತ್ರ ಚೆನ್ನಾಗಿಯೇ ಇದೆ. ಆಟಿಕಸ್ ಆಗಿ ನಟಿಸಿದ ಗ್ರೆಗರಿ ಪೆಕ್‌ಗೆ ಆಸ್ಕರ್ ಬಂತು, ಟಾಮ್ ಆಗಿ ಬ್ರಾಕ್ ಪೀಟರ್ಸ್ ಸಾಕ್ಷಿಕಟ್ಟೆಯಲ್ಲಿ ಮಾಡಿದ ಅಭಿನಯ ಅದಕ್ಕಿಂತ ಕಡಿಮೆಯದಲ್ಲ. ಆದರೆ ಕ್ಯಾಲ್ಪರ್ನಿಯಾ ಮಕ್ಕಳನ್ನು ಚರ್ಚಿಗೆ ಕರೆದೊಯ್ಯುವ ಅಧ್ಯಾಯವನ್ನು ಚಿತ್ರದಲ್ಲಿ ಕೈಬಿಟ್ಟಿದ್ದಾರೆ. ಒಂದೇ ತಾಸು ಇರುವುದಾದರೆ ಸಿನಿಮಾ ಬಿಡಿ, ಹನ್ನೆರಡನೆಯ ಅಧ್ಯಾಯವನ್ನು ಮಕ್ಕಳ ಮಾತಿಗೆ ತಂದುಕೊಂಡು ಓದಿ ಹೇಳಿ. ಲೂಲಾ ಬಾಗಿಲಲ್ಲಿ ಅಡ್ಡ ನಿಲ್ಲುವಲ್ಲಿಗೆ ಓದನ್ನು ನಿಲ್ಲಿಸಿ, ಅವಳ ಪರವಾಗಿ ಒಬ್ಬರು, ಕ್ಯಾಲ್ಪರ್ನಿಯಾಳ ಪರವಾಗಿ ಒಬ್ಬರು ಮಾತನಾಡಲಿ.